ರೌಟರ್‌ನೊಳಗೆ ಓಡುವ ಸ್ಕ್ರಿಪ್ಟಿಗೆ ಭಾಷೆಯನ್ನು ಆರಿಸುವ ಬಗೆ

ಎರಡು ಇಂಟರ್ನೆಟ್ ಸಂಪರ್ಕಗಳಿರುವ ಒಂದು ಸಣ್ಣ ಕಚೇರಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಮುಖ್ಯ ಸಂಪರ್ಕ ಫೈಬರ್‌ನದು. ಅದು ಕಡಿದಾಗ ಬಳಸಲು ರೌಟರ್‌ನ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದ ಒಂದು 4ಜಿ ಡಾಂಗಲ್ ಇದೆ. ಫೈಬರ್ ನಿಂತ ಕೂಡಲೇ ಸಂಚಾರವನ್ನು ಡಾಂಗಲ್ ಕಡೆಗೆ ತಿರುಗಿಸಬೇಕು, ಎಷ್ಟು ಹೊತ್ತಿಗೆ ನಿಂತಿತು ಎಂದು ದಾಖಲಿಸಬೇಕು, ಕಚೇರಿಯನ್ನು ನೋಡಿಕೊಳ್ಳುವವರಿಗೆ ಕನ್ನಡದಲ್ಲಿ ಒಂದು ಎಸ್‌ಎಂಎಸ್ ಕಳಿಸಬೇಕು. ಇಷ್ಟನ್ನು ಮಾಡುವ ಸ್ಕ್ರಿಪ್ಟನ್ನು ಯಾವ ಭಾಷೆಯಲ್ಲಿ ಬರೆಯಬೇಕು ಎಂಬುದೇ ಈ ಬರಹದ ಪ್ರಶ್ನೆ.

ನಮಗೆ ಚೆನ್ನಾಗಿ ಬರುವ ಭಾಷೆಯನ್ನೇ ಆರಿಸಿಕೊಳ್ಳುವುದು ಸರ್ವರ್‌ಗಳ ಮಟ್ಟಿಗೆ ಒಳ್ಳೆಯ ಕ್ರಮ. ರೌಟರ್‌ಗಳ ಮಟ್ಟಿಗೆ ಅದು ಹಲವು ಬಾರಿ ತಪ್ಪು ಕ್ರಮವಾಗುತ್ತದೆ. ಹಲವು ವರ್ಷಗಳ ಹಿಂದೆ ನಾನು ಇಂಥದ್ದೇ ಕೆಲಸಕ್ಕೆ 16 ಮೆಗಾಬೈಟ್ ಫ್ಲ್ಯಾಶ್ (ಕರೆಂಟು ಹೋದರೂ ಅಳಿಯದ ಸಂಗ್ರಹ) ಇದ್ದ ರೌಟರ್‌ನಲ್ಲಿ ಪೈಥಾನ್ ಸ್ಥಾಪಿಸಿದೆ. ಸ್ಕ್ರಿಪ್ಟ್ ಸರಿಯಾಗಿಯೇ ಓಡಿತು. ಮುಂದೆ ಸಾಧನವನ್ನು ನಡೆಸುವ ಮೂಲ ತಂತ್ರಾಂಶವಾದ ಫರ್ಮ್‌ವೇರ್ ಅನ್ನು ಹೊಸ ಆವೃತ್ತಿಗೆ ಏರಿಸಿದಾಗ ಸ್ಕ್ರಿಪ್ಟ್ ಉಳಿಯಿತು, ಅದನ್ನು ನಿಗದಿತ ಹೊತ್ತಿಗೆ ಕರೆಯುವ ಕ್ರಾನ್ ಸಾಲೂ ಉಳಿಯಿತು. ಪೈಥಾನ್ ಮಾತ್ರ ಅಳಿಸಿಹೋಯಿತು. ಅದು ತಿಳಿದದ್ದು ಮತ್ತೊಮ್ಮೆ ಫೈಬರ್ ಕಡಿದ ದಿನ, ಸಂಚಾರ ಡಾಂಗಲ್‌ಗೆ ತಿರುಗದೆ ಕಚೇರಿಯ ಕೆಲಸವೆಲ್ಲ ನಿಂತಾಗ. ಸಾಧನದ ಮೂಲ ಫರ್ಮ್‌ವೇರ್‌ನಲ್ಲಿಯೇ ಇರುವ ಭಾಷೆಗೆ ಮೊದಲ ಮನ್ನಣೆ ಕೊಡಬೇಕು, ಅದು ಸಾಲದೆಂದು ಖಚಿತವಾದ ಮೇಲೆಯೇ ಬೇರೆಯದನ್ನು ತರಬೇಕು ಎಂಬ ನಿಲುವಿಗೆ ನಾನು ಬಂದದ್ದು ಆಗ.

ಸ್ಕ್ರಿಪ್ಟ್ ರೌಟರ್‌ನೊಳಗೇ ಇರಬೇಕೇ?

ಭಾಷೆಗೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯಿದು. ಇದನ್ನು ತೀರ್ಮಾನಿಸಲು ಒಂದೇ ಒಂದು ಪರೀಕ್ಷೆ ಸಾಕು: ಹೊರಗಿನ ಸಂಪರ್ಕವೆಲ್ಲ ಕಡಿದಿರುವಾಗಲೂ ಈ ಕೆಲಸ ನಡೆಯಬೇಕೇ? ನಡೆಯಬೇಕು ಎಂದಾದರೆ ಸ್ಕ್ರಿಪ್ಟ್ ಒಳಗಿರಬೇಕು, ಏಕೆಂದರೆ ಆ ಹೊತ್ತಿನಲ್ಲಿ ಹೊರಗಿನ ಯಾವ ಸರ್ವರ್ ಕೂಡ ರೌಟರ್ ಅನ್ನು ತಲುಪಲಾರದು. ಸಂಪರ್ಕ ಬದಲಿಸುವುದು ಈ ಗುಂಪಿಗೆ ಸೇರಿದ ಕೆಲಸ. ನಲವತ್ತು ರೌಟರ್‌ಗಳ ಸಂರಚನೆಯನ್ನು ರಾತ್ರಿ ಹೊತ್ತು ನಕಲು ಮಾಡಿಡುವುದು, ತಿಂಗಳ ಬಳಕೆಯ ವರದಿ ತಯಾರಿಸುವುದು, ಎಲ್ಲ ಸಾಧನಗಳ ಗುಪ್ತಪದ ಬದಲಿಸುವುದು ಇವೆಲ್ಲ ಹೊರಗಿನ ಒಂದು ಲಿನಕ್ಸ್ ಯಂತ್ರದಿಂದ ಮಾಡಬೇಕಾದ ಕೆಲಸಗಳು. ಅಲ್ಲಿ ಪೈಥಾನ್‌ಗೆ ಸಮನಾದ ಆಯ್ಕೆ ಇಲ್ಲವೆಂದೇ ನನ್ನ ಅಭಿಪ್ರಾಯ. ದೂರದಿಂದ ಸುರಕ್ಷಿತವಾಗಿ ಒಳಹೊಗಲು ಬಳಸುವ ಎಸ್‌ಎಸ್‌ಎಚ್ ಮೂಲಕ ಬೇರೆ ಬೇರೆ ಕಂಪನಿಗಳ ಸಾಧನಗಳೊಡನೆ ಮಾತನಾಡುವ ನೆಟ್‌ಮಿಕೊ, ಹಲವು ಕಂಪನಿಗಳ ಸಾಧನಗಳನ್ನು ಒಂದೇ ರೀತಿಯಲ್ಲಿ ಪ್ರಶ್ನಿಸಲು ಬಿಡುವ ನೇಪಾಮ್ ಎಂಬ ಗ್ರಂಥಾಲಯಗಳು ಪೈಥಾನ್‌ನವೇ. ಹಲವು ಯಂತ್ರಗಳನ್ನು ಒಟ್ಟಿಗೆ ಸಂರಚಿಸುವ ಆನ್ಸಿಬಲ್ ಕೂಡ ಅದರಲ್ಲಿಯೇ ಬರೆದದ್ದು. ಸಂರಚನೆಯನ್ನು ದೂರದಿಂದ ಓದಲು, ತಿದ್ದಲು ಇರುವ ನೆಟ್‌ಕಾನ್ಫ್ ಶಿಷ್ಟಾಚಾರವನ್ನು (ಪ್ರೋಟೊಕಾಲ್) ಸಾಧನ ಬಲ್ಲದಾದರೆ ಪರದೆಯ ಮೇಲಿನ ಪಠ್ಯವನ್ನು ಹೆಕ್ಕಿ ಅರ್ಥ ಮಾಡಿಕೊಳ್ಳುವ ಕಷ್ಟವೂ ತಪ್ಪುತ್ತದೆ. ಆರ್‌ಎಫ್‌ಸಿ 6241 ಎಂಬ ಇಂಟರ್ನೆಟ್ ಮಾನಕ ದಾಖಲೆಯಾಗಿ 2011ರಲ್ಲಿ ಪರಿಷ್ಕೃತ ರೂಪದಲ್ಲಿ ಪ್ರಕಟವಾದ ಈ ಶಿಷ್ಟಾಚಾರ 830ನೇ ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುತ್ತದೆ.

ಹೊರಗಿನಿಂದ ಆಗುವ ಕೆಲಸವನ್ನು ಒಳಗೆ ತಂದಿಡಬೇಡಿ. ಪ್ಯಾಕೆಟ್‌ಗಳನ್ನು ಸಾಗಿಸುವುದು ರೌಟರ್‌ನ ಮೊದಲ ಕರ್ತವ್ಯ, ಸ್ಕ್ರಿಪ್ಟ್ ಅದರ ಪ್ರೊಸೆಸರ್ ಮತ್ತು ರ‍್ಯಾಮ್ ಅನ್ನು ಸಾಲ ಪಡೆದು ಓಡುತ್ತಿರುತ್ತದೆ.

ಸಾಧನವನ್ನು ಅಳೆಯುವುದು

ಒಳಗೇ ಇರಬೇಕೆಂದು ತೀರ್ಮಾನವಾದ ಮೇಲೆ ಸಾಧನದಲ್ಲಿ ಎಷ್ಟು ಜಾಗವಿದೆ ಎಂದು ನೋಡಬೇಕು. ಮನೆ ಮತ್ತು ಸಣ್ಣ ಕಚೇರಿಗಳ ರೌಟರ್‌ಗಳಿಗಾಗಿ ಇರುವ ಮುಕ್ತ ಫರ್ಮ್‌ವೇರ್‌ಗಳಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಪ್ರಮುಖವಾದುದು. 2004ರಲ್ಲಿ ಅದು ಆರಂಭವಾದದ್ದು ಲಿಂಕ್‌ಸಿಸ್ ಡಬ್ಲ್ಯೂಆರ್‌ಟಿ54ಜಿ ಎಂಬ ರೌಟರ್‌ಗಾಗಿ. ಆ ಸಾಧನದ ಪ್ರಸಿದ್ಧ ಮಾದರಿಗಳಲ್ಲಿ ಇದ್ದದ್ದು 4 ಮೆಗಾಬೈಟ್ ಫ್ಲ್ಯಾಶ್ ಮತ್ತು 16 ಮೆಗಾಬೈಟ್ ರ‍್ಯಾಮ್ ಮಾತ್ರ. ಅಷ್ಟರಲ್ಲಿ ಲಿನಕ್ಸ್ ಓಡಿಸಬೇಕಾದ ಅಗತ್ಯವೇ ಈ ವ್ಯವಸ್ಥೆಯ ಇಂದಿನ ಸ್ವಭಾವವನ್ನೂ ರೂಪಿಸಿದೆ. ಈಗ 8 ಮೆಗಾಬೈಟ್ ಫ್ಲ್ಯಾಶ್ ಮತ್ತು 64 ಮೆಗಾಬೈಟ್ ರ‍್ಯಾಮ್ ಅನ್ನು ಕನಿಷ್ಠವೆಂದೂ, 16 ಮತ್ತು 128 ಇದ್ದರೆ ನೆಮ್ಮದಿಯೆಂದೂ ಎಣಿಸಲಾಗುತ್ತದೆ.

ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕು 'ಡಿಎಫ್' ಆದೇಶ ಕೊಟ್ಟು 'ಓವರ್‌ಲೇ' ಎಂಬ ಸಾಲನ್ನು ಓದಿ. ಮೂಲ ಫರ್ಮ್‌ವೇರ್ ಕುಗ್ಗಿಸಿದ, ಓದಲು ಮಾತ್ರ ಬರುವ ರೂಪದಲ್ಲಿ ಫ್ಲ್ಯಾಶ್‌ನ ಒಂದು ಭಾಗದಲ್ಲಿರುತ್ತದೆ. ನಾವು ಸೇರಿಸುವುದೆಲ್ಲ ಓವರ್‌ಲೇಯಲ್ಲಿ ಕೂರುತ್ತದೆ. ಮೂಲ ಫರ್ಮ್‌ವೇರ್‌ನೊಡನೆ ಬಂದ ಕಡತವೊಂದನ್ನು ಅಳಿಸಿದರೆ ಜಾಗ ಬಿಡುಗಡೆಯಾಗುವುದಿಲ್ಲ, ಅಳಿಸಲಾಗಿದೆ ಎಂಬ ಗುರುತು ಮಾತ್ರ ಓವರ್‌ಲೇಯಲ್ಲಿ ದಾಖಲಾಗುತ್ತದೆ. ಆದ್ದರಿಂದ ಬೇಡದ್ದನ್ನು ಅಳಿಸಿ ದೊಡ್ಡ ಭಾಷೆಯೊಂದಕ್ಕೆ ಜಾಗ ಮಾಡಿಕೊಳ್ಳಬಹುದೆಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಓವರ್‌ಲೇ ಪೂರ್ತಿ ತುಂಬಿದರೆ ಸಂರಚನೆಯ ಬದಲಾವಣೆಗಳನ್ನು ಉಳಿಸುವುದಕ್ಕೂ ಆಗದೆ, ಸಾಧನ ಮತ್ತೆ ಆನ್ ಆದಾಗ ಹಳೆಯ ಸ್ಥಿತಿಗೇ ಮರಳುವ ಅಪಾಯವಿದೆ. ಸ್ಕ್ರಿಪ್ಟ್ ಓಡುವಾಗ ಬೇಕಾಗುವ ರ‍್ಯಾಮ್ ಎಷ್ಟು ಖಾಲಿಯಿದೆ ಎಂದು 'ಫ್ರೀ' ಆದೇಶ ತಿಳಿಸುತ್ತದೆ. 'ಟಿಎಂಪಿ' ಕೋಶವೂ ರ‍್ಯಾಮ್‌ನಲ್ಲಿಯೇ ಇರುವುದರಿಂದ ಅಲ್ಲಿ ಬರೆದಿಡುವ ದಾಖಲೆಗಳನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಶೆಲ್‌ನಿಂದ ಆರಂಭಿಸಿ

ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಯಾವಾಗಲೂ ಇರುವ ಭಾಷೆ, ನಾವು ಟೈಪ್ ಮಾಡುವ ಆದೇಶಗಳನ್ನು ಓಡಿಸುವ ಶೆಲ್. ಅದು ಲಿನಕ್ಸ್ ಗಣಕಗಳಲ್ಲಿ ಸಾಮಾನ್ಯವಾದ ಬ್ಯಾಶ್ ಅಲ್ಲ, ಹಲವು ಆದೇಶಗಳನ್ನು ಒಂದೇ ಸಣ್ಣ ತಂತ್ರಾಂಶದಲ್ಲಿ ಕೊಡುವ ಬ್ಯುಸಿಬಾಕ್ಸ್‌ನೊಳಗಿನ ಆಶ್. ಈ ವ್ಯತ್ಯಾಸವನ್ನು ಗಮನಿಸದೆ, ತಮ್ಮ ಗಣಕದಲ್ಲಿ ಬ್ಯಾಶ್‌ಗೆಂದು ಬರೆದುದನ್ನು ರೌಟರ್‌ಗೆ ನಕಲಿಸಿ ಪೆಟ್ಟು ತಿಂದವರು ಬಹಳ ಮಂದಿ. ಆಶ್‌ನಲ್ಲಿ ಅರೇಗಳಿಲ್ಲ (ಬೆಲೆಗಳ ಪಟ್ಟಿಗಳಿಲ್ಲ), ದಶಮಾಂಶ ಗಣಿತವಿಲ್ಲ. ಸಾಲಿನಿಂದ ಸಾಲಿಗೆ ಪಠ್ಯ ಸಂಸ್ಕರಿಸುವ ಆಕ್ ಅಥವಾ ಸೆಡ್ ಅನ್ನು ಕರೆಯುವ ಲೂಪ್ ಬರೆದರೆ ಪ್ರತಿ ಕರೆಗೂ ಒಂದು ಹೊಸ ಪ್ರಕ್ರಿಯೆ ಹುಟ್ಟಬೇಕಾಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಕಣ್ಣಿಗೆ ಕಾಣದ ಈ ವೆಚ್ಚ 400 ಮೆಗಾಹರ್ಟ್ಜ್‌ನ ಹಳೆಯ ರೌಟರ್ ಪ್ರೊಸೆಸರ್‌ನಲ್ಲಿ ಎದ್ದು ಕಾಣುತ್ತದೆ.

ಇಷ್ಟಾದರೂ ಶೆಲ್‌ಗೇ ಮೊದಲ ಸ್ಥಾನ ಕೊಡಬೇಕೆನ್ನುವುದಕ್ಕೆ ಬಲವಾದ ಕಾರಣವಿದೆ: ಇಡೀ ವ್ಯವಸ್ಥೆ ಅದರೊಡನೆ ಮಾತನಾಡುವಂತೆ ರಚಿತವಾಗಿದೆ. ಸಂರಚನೆಯನ್ನು ಓದಲು ಮತ್ತು ತಿದ್ದಲು 'ಯುಸಿಐ' ಆದೇಶವಿದೆ. ಸಂಪರ್ಕವೊಂದು ಮೇಲೇರಿದಾಗ ಅಥವಾ ಇಳಿದಾಗ ಹಾಟ್‌ಪ್ಲಗ್ ಕೋಶದಲ್ಲಿಟ್ಟ ಸ್ಕ್ರಿಪ್ಟ್‌ಗಳು ತಾವಾಗಿ ಓಡುತ್ತವೆ; ಯಾವ ಸಂಪರ್ಕ, ಏನಾಯಿತು ಎಂಬ ಎರಡೂ ಸಂಗತಿಗಳು ಚರಾಕ್ಷರಗಳಾಗಿ (ವೇರಿಯಬಲ್) ಅವುಗಳ ಕೈಸೇರುತ್ತವೆ. ವ್ಯವಸ್ಥೆಯ ಒಳಗಿನ ಸಂದೇಶವಾಹಕವಾದ 'ಯುಬಸ್' ಅನ್ನು ಕೇಳಿದರೆ ಸಂಪರ್ಕದ ಸ್ಥಿತಿಗತಿಯನ್ನು ಜೇಸನ್ ಎಂಬ ಪಠ್ಯ ರೂಪದಲ್ಲಿ ಕೊಡುತ್ತದೆ, ಅದರಿಂದ ಬೇಕಾದ ಭಾಗವನ್ನು 'ಜೇಸನ್‌ಫಿಲ್ಟರ್' ಹೆಕ್ಕಿಕೊಡುತ್ತದೆ. ಸಿಸ್ಟಂ ದಾಖಲೆಗೆ ಸಾಲು ಸೇರಿಸಲು 'ಲಾಗರ್' ಸಾಕು.

ನಮ್ಮ ಉದಾಹರಣೆಯಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಾಟ್‌ಪ್ಲಗ್ ಘಟನೆ ಹುಟ್ಟುವುದು ರೌಟರ್‌ನ ಇಂಟರ್‌ಫೇಸ್ ಬಿದ್ದಾಗ ಮಾತ್ರ. ಫೈಬರ್ ಪೆಟ್ಟಿಗೆಗೂ ರೌಟರ್‌ಗೂ ನಡುವಿನ ತಂತಿ ಸರಿಯಾಗಿದ್ದು, ರಸ್ತೆಯಾಚೆ ಎಲ್ಲೋ ಫೈಬರ್ ತುಂಡಾಗಿದ್ದರೆ ಇಂಟರ್‌ಫೇಸ್ ಮೇಲೆಯೇ ಇರಬಹುದು. ಅದಕ್ಕಾಗಿ ಹೊರಗಿನ ಎರಡು ಮೂರು ವಿಳಾಸಗಳಿಗೆ ಆಗಾಗ ಪಿಂಗ್ ಕಳಿಸಿ, ಒಂದರಿಂದಲೂ ಉತ್ತರ ಬಾರದಿದ್ದಾಗಲೇ ಸಂಪರ್ಕ ಬಿದ್ದಿದೆಯೆಂದು ತೀರ್ಮಾನಿಸಬೇಕು. ಇದನ್ನೇ ಮಾಡುವ 'ಎಂವಾನ್3' ಎಂಬ ಪ್ಯಾಕೇಜ್ ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಸಿಗುತ್ತದೆ. ಅದು ಬಹುಪಾಲು ಶೆಲ್‌ನಲ್ಲಿಯೇ ಬರೆದದ್ದು. ಸ್ವಂತ ಸ್ಕ್ರಿಪ್ಟ್‌ಗೆ ಕೈಹಾಕುವ ಮುನ್ನ ಅದನ್ನು ತೆರೆದು ಓದುವುದರಿಂದ, ಇಂಥ ಸಾಧನಕ್ಕೆ ಶೆಲ್ ಬರೆಯುವ ಕ್ರಮವೇ ಅರ್ಥವಾಗುತ್ತದೆ.

ಶೆಲ್‌ನಲ್ಲಿ ಭದ್ರತೆಯ ಭಾರ ಪೂರ್ತಿಯಾಗಿ ಬರೆಯುವವರ ಮೇಲಿರುತ್ತದೆ. ರೌಟರ್‌ನ ಸ್ಕ್ರಿಪ್ಟ್‌ಗಳು ಸಾಮಾನ್ಯವಾಗಿ ಏನನ್ನೂ ಮಾಡಬಲ್ಲ ರೂಟ್ ಅಧಿಕಾರದಲ್ಲಿ ಓಡುತ್ತವೆ, ಹೊರಗಿನವರು ಇಟ್ಟ ಹೆಸರುಗಳನ್ನು ಓದುತ್ತವೆ. ಸುತ್ತಲಿನ ವೈಫೈ ಜಾಲಗಳ ಹೆಸರುಗಳನ್ನು ಪಟ್ಟಿ ಮಾಡುವ ಸ್ಕ್ರಿಪ್ಟನ್ನು ಯೋಚಿಸಿ: ಆ ಹೆಸರು 32 ಬೈಟ್‌ವರೆಗಿನ ಯಾವ ಅಕ್ಷರಸರಣಿಯಾದರೂ ಆಗಬಹುದು, ನೆರೆಯವರು ಅದರಲ್ಲಿ ಶೆಲ್ ಆದೇಶವನ್ನೇ ಬರೆದಿಡಬಹುದು. ಚರಾಕ್ಷರಗಳನ್ನು ಯಾವಾಗಲೂ ಜೋಡಿ ಉದ್ಧರಣ ಚಿಹ್ನೆಗಳ ಒಳಗಿಡಿ, ಪಠ್ಯವನ್ನೇ ಆದೇಶವಾಗಿ ಓಡಿಸುವ 'ಇವ್ಯಾಲ್' ಅನ್ನು ಹೊರಗಿನ ಪಠ್ಯದ ಹತ್ತಿರ ಸುಳಿಯಲು ಬಿಡಬೇಡಿ.

ಲುವಾದಿಂದ ಯೂಕೋಡ್‌ಗೆ

ಸ್ಕ್ರಿಪ್ಟ್ ನೂರು ಸಾಲು ದಾಟಿದಾಗ, ಪಟ್ಟಿಯೊಳಗೆ ಪಟ್ಟಿ ಇಟ್ಟುಕೊಳ್ಳಬೇಕಾದಾಗ, ಅಥವಾ ನಿರಂತರವಾಗಿ ಓಡುತ್ತ ಘಟನೆಗಳಿಗೆ ಕಾಯಬೇಕಾದಾಗ ಶೆಲ್ ಬಿಡುವ ಸಮಯ ಬಂದಿದೆ ಎಂದು ತಿಳಿಯಬೇಕು. ಬಹುಕಾಲ ಇದಕ್ಕೆ ಉತ್ತರವಾಗಿದ್ದದ್ದು ಲುವಾ. ಬ್ರೆಜಿಲ್‌ನ ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಹುಟ್ಟಿದ ಈ ಭಾಷೆಯನ್ನು ಬೇರೊಂದು ತಂತ್ರಾಂಶದ ಒಳಗೆ ಕೂರಿಸಲೆಂದೇ ರೂಪಿಸಲಾಗಿದೆ. ಕೆಲವು ನೂರು ಕಿಲೋಬೈಟ್‌ಗಳಲ್ಲಿ ಭಾಷೆಯೂ ಅದರ ಗ್ರಂಥಾಲಯವೂ ಅಡಕವಾಗುತ್ತವೆ. ಓಪನ್‌ಡಬ್ಲ್ಯೂಆರ್‌ಟಿಯ ವೆಬ್ ಮುಖವಾದ ಲೂಸಿಯ ಹೆಸರಿನಲ್ಲಿಯೇ ಲುವಾ ಸೇರಿಕೊಂಡಿದೆ. ಅದರ ದೆಸೆಯಿಂದ ಬಹುಪಾಲು ರೌಟರ್‌ಗಳಲ್ಲಿ ಲುವಾ 5.1 ಮೊದಲೇ ಇರುತ್ತಿತ್ತು, ಸ್ಕ್ರಿಪ್ಟ್ ಬರೆಯುವವರಿಗೆ ಅದು ಪುಕ್ಕಟೆಯಾಗಿ ದಕ್ಕುತ್ತಿತ್ತು.

ಈಗ ಪರಿಸ್ಥಿತಿ ಬದಲಾಗಿದೆ. ಲೂಸಿಯ ಮೂಲ ರೂವಾರಿಗಳಲ್ಲಿ ಒಬ್ಬರಾದ ಯೋ-ಫಿಲಿಪ್ ವಿಚ್ ಅವರು ಯೂಕೋಡ್ ಎಂಬ ಹೊಸ ಭಾಷೆಯನ್ನು ಬರೆದರು. 2022ರ 22.03 ಆವೃತ್ತಿಯಲ್ಲಿ ಬಂದ ಹೊಸ ಫೈರ್‌ವಾಲ್ ಅದರಲ್ಲಿಯೇ ರಚಿತವಾಯಿತು. 2023ರ 23.05 ಆವೃತ್ತಿಯಿಂದ ಲೂಸಿಯ ಸರ್ವರ್ ಭಾಗವೂ ಯೂಕೋಡ್‌ಗೆ ಬಂದಿತು. ಹಳೆಯ ಲುವಾ ಪುಟಗಳು ಬೇಕಾದವರು ಅದರ ಪ್ಯಾಕೇಜನ್ನು ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು. ಅಂದರೆ ಲುವಾವನ್ನು ಆರಿಸಲು ಇದ್ದ ಮುಖ್ಯ ಕಾರಣ, ಅದು ಮೊದಲೇ ಇರುತ್ತದೆ ಎಂಬುದು, ಈಗ ಯೂಕೋಡ್‌ನ ಪರವಾಗಿ ನಿಂತಿದೆ.

ಓಪನ್‌ಡಬ್ಲ್ಯೂಆರ್‌ಟಿಯ ಇಂದಿನ ಆವೃತ್ತಿಗಳಲ್ಲಿ ಹೊಸದಾಗಿ ಬರೆಯುವವರಿಗೆ, ಶೆಲ್ ಸಾಲದ ಕಡೆಯಲ್ಲಿ, ನಾನು ಹೇಳುವ ಹೆಸರು ಯೂಕೋಡ್. ಜಾವಾಸ್ಕ್ರಿಪ್ಟ್ ಬಲ್ಲವರಿಗೆ ಅದರ ವ್ಯಾಕರಣ ಅಪರಿಚಿತವಲ್ಲ. ಜೇಸನ್ ಓದುವ ಮತ್ತು ಬರೆಯುವ ಸೌಲಭ್ಯ ಭಾಷೆಯೊಳಗೇ ಇದೆ. ಯುಸಿಐ, ಯುಬಸ್, ಕಡತ ವ್ಯವಸ್ಥೆ ಇವುಗಳಿಗೆ ಮಾಡ್ಯೂಲ್‌ಗಳಿವೆ. ಘಟನೆಗಳಿಗೆ ಕಾಯುತ್ತ ಕೂರುವ ಸ್ಕ್ರಿಪ್ಟ್‌ಗೆ 'ಯುಲೂಪ್' ಇದೆ. ನಮ್ಮ ಉದಾಹರಣೆಯ ಸ್ಕ್ರಿಪ್ಟ್ ಯುಬಸ್‌ನಿಂದ ಎರಡೂ ಸಂಪರ್ಕಗಳ ಸ್ಥಿತಿಯನ್ನು ಪಡೆದು, ಹಿಂದಿನ ಹತ್ತು ಪಿಂಗ್‌ಗಳ ಫಲಿತಾಂಶವನ್ನು ಒಂದು ಅರೇಯಲ್ಲಿಟ್ಟುಕೊಂಡು, ಒಂದೇ ಒಂದು ಉತ್ತರ ತಪ್ಪಿದ್ದಕ್ಕೆ ಸಂಪರ್ಕ ಬದಲಿಸದೆ ತಾಳ್ಮೆಯಿಂದ ತೀರ್ಮಾನಿಸುವುದನ್ನು ಇದರಲ್ಲಿ ನಿರಾಯಾಸವಾಗಿ ಬರೆಯಬಹುದು. ಒಂದು ಕೊರತೆಯನ್ನೂ ಹೇಳಬೇಕು: ಕಲಿಕೆಯ ಸಾಮಗ್ರಿ ಲುವಾ ಅಥವಾ ಪೈಥಾನ್‌ಗೆ ಇರುವಷ್ಟು ಇಲ್ಲ, ಅಧಿಕೃತ ದಾಖಲೆಯನ್ನೂ ಫೈರ್‌ವಾಲ್‌ನ ಮೂಲ ಪಠ್ಯವನ್ನೂ ಓದಿ ಕಲಿಯಬೇಕಾಗುತ್ತದೆ. ಹಳೆಯ ಲುವಾ ಸ್ಕ್ರಿಪ್ಟ್‌ಗಳಿರುವವರು ಅವಸರದಿಂದ ಬದಲಾಯಿಸಬೇಕಾಗಿಲ್ಲ. ಬದಲಾಯಿಸುವಾಗ ಮಾತ್ರ ಎರಡು ಕಡೆ ಕಣ್ಣಿಟ್ಟಿರಬೇಕು: ಲುವಾದ ಪಟ್ಟಿಗಳು 1ರಿಂದ ಎಣಿಕೆ ಆರಂಭಿಸುತ್ತವೆ, ಯೂಕೋಡ್‌ನವು 0ಯಿಂದ, ಲುವಾದಲ್ಲಿ ಸೊನ್ನೆಯೂ ನಿಜವೆಂದೇ ಪರಿಗಣಿತವಾಗುತ್ತದೆ, ಯೂಕೋಡ್‌ನಲ್ಲಿ ಹಾಗಲ್ಲ.

ಕನ್ನಡದ ಎಸ್‌ಎಂಎಸ್ ಕಳಿಸುವವರಿಗೆ ಇಲ್ಲೊಂದು ತೊಡಕು ಎದುರಾಗುತ್ತದೆ. ಕನ್ನಡದ ಪ್ರತಿ ಯುನಿಕೋಡ್ ಸಂಕೇತ ಯುಟಿಎಫ್-8ರಲ್ಲಿ 3 ಬೈಟ್ ತೆಗೆದುಕೊಳ್ಳುತ್ತದೆ. 'ಸಂಪರ್ಕ' ಎಂಬ ಪದ ಕಣ್ಣಿಗೆ ಮೂರು ಅಕ್ಷರ, ಯುನಿಕೋಡ್ ಲೆಕ್ಕದಲ್ಲಿ 6 ಸಂಕೇತ, ರೌಟರ್‌ನ ನೆನಪಿನಲ್ಲಿ 18 ಬೈಟ್. ಒಂದು ಎಸ್‌ಎಂಎಸ್‌ನಲ್ಲಿ ಕನ್ನಡದ 70 ಸಂಕೇತಗಳು ಹಿಡಿಸುತ್ತವೆ. ಲುವಾ 5.1 ಆಗಲಿ ಯೂಕೋಡ್ ಆಗಲಿ ಪಠ್ಯದ ಉದ್ದವನ್ನು ಬೈಟ್‌ಗಳಲ್ಲಿ ಹೇಳುವುದರಿಂದ, ಆ ಸಂಖ್ಯೆಯನ್ನು ನಂಬಿ ತುಂಡರಿಸಿದರೆ ಸಂದೇಶ ಮೂರನೇ ಒಂದು ಭಾಗಕ್ಕೇ ಮುರಿಯುತ್ತದೆ, ಒಂದು ಸಂಕೇತದ ನಡುವೆಯೇ ಕಡಿದು ಓದಲು ಬಾರದಂತಾಗುವುದೂ ಉಂಟು. 128ರಿಂದ 191ರವರೆಗಿನ ಬೆಲೆಯುಳ್ಳ ಬೈಟ್‌ಗಳನ್ನು ಬಿಟ್ಟು ಉಳಿದವನ್ನು ಎಣಿಸಿದರೆ ಸಂಕೇತಗಳ ಸರಿಯಾದ ಸಂಖ್ಯೆ ಸಿಗುತ್ತದೆ. ಪೈಥಾನ್ 3 ಈ ಎಣಿಕೆಯನ್ನು ತಾನೇ ಮಾಡುತ್ತದೆ, ಆದರೆ ಇಷ್ಟಕ್ಕಾಗಿ ಅದನ್ನು ಒಳಗೆ ತರಬೇಕಾಗಿಲ್ಲ.

ಪೈಥಾನ್ ಎಲ್ಲಿ ಸಲ್ಲುತ್ತದೆ

ಪೈಥಾನ್‌ನ ಮೇಲೆ ನನಗೆ ಯಾವ ಅಸಮಾಧಾನವೂ ಇಲ್ಲ. ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಅದರ ಹಗುರ ಆವೃತ್ತಿಯೂ ಹಲವು ಮೆಗಾಬೈಟ್ ಬೇಡುತ್ತದೆ. 128 ಮೆಗಾಬೈಟ್ ಫ್ಲ್ಯಾಶ್ ಇರುವ ಇಂದಿನ ಸಾಧನಗಳಲ್ಲಿ, ಅಥವಾ ಎಕ್ಸ್86 ಗಣಕವನ್ನೇ (ಸಾಮಾನ್ಯ ಪಿಸಿ) ರೌಟರ್ ಆಗಿ ಬಳಸುವಲ್ಲಿ, ಇದು ದೊಡ್ಡ ಮಾತಲ್ಲ. ಬೇಕಾದ ಗ್ರಂಥಾಲಯ ಪೈಥಾನ್‌ನಲ್ಲಿ ಮಾತ್ರ ಸಿಗುತ್ತದೆ ಎಂಬ ಸಂದರ್ಭದಲ್ಲಿ ಅದನ್ನೇ ಬಳಸಿ. ಹಾಗೆ ಬಳಸುವಾಗ, ನಾವು ಸೇರಿಸಿದ ಪ್ಯಾಕೇಜ್‌ಗಳು ಸಾಮಾನ್ಯ ಫರ್ಮ್‌ವೇರ್ ಏರಿಕೆಯಲ್ಲಿ ಉಳಿಯುವುದಿಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು, ಪೈಥಾನ್ ಸೇರಿಸಿಯೇ ಫರ್ಮ್‌ವೇರ್ ಇಮೇಜನ್ನು (ಸಾಧನಕ್ಕೆ ತುಂಬುವ ಕಡತ) ಕಟ್ಟಿಸಿಕೊಳ್ಳಬೇಕು. ಇಮೇಜ್ ಬಿಲ್ಡರ್ ಅಥವಾ ಅಟೆಂಡೆಡ್ ಸಿಸ್‌ಅಪ್‌ಗ್ರೇಡ್ ಇದಕ್ಕೆ ನೆರವಾಗುತ್ತವೆ. ಮೈಕ್ರೋಪೈಥಾನ್ ಎಂಬ ಚಿಕ್ಕ ರೂಪವೂ ಸಿಗುತ್ತದೆ, ಆದರೆ ದೊಡ್ಡ ಪೈಥಾನ್‌ನ ಗ್ರಂಥಾಲಯಗಳು ಅದರಲ್ಲಿ ಹಾಗೆಯೇ ಓಡುತ್ತವೆಂದು ಎಣಿಸಬಾರದು.

ಕಂಪನಿಗಳ ಸ್ವಂತ ವ್ಯವಸ್ಥೆಗಳು

ಸಿಸ್ಕೊ, ಜುನಿಪರ್, ಮೈಕ್ರೋಟಿಕ್ ಸಾಧನಗಳಲ್ಲಿ ನಮ್ಮ ಆಯ್ಕೆಯ ಅಂಗಳ ಕಿರಿದು; ಕಂಪನಿ ಇಟ್ಟುಕೊಟ್ಟದ್ದರಲ್ಲೇ ಆರಿಸಬೇಕು.

ಸಿಸ್ಕೊ ರೌಟರ್‌ಗಳನ್ನು ನಡೆಸುವ ಐಒಎಸ್ ವ್ಯವಸ್ಥೆಯಲ್ಲಿ ಜಾನ್ ಔಸ್ಟರ್‌ಹೌಟ್ ಅವರು 1980ರ ದಶಕದ ಕೊನೆಯಲ್ಲಿ ಬರ್ಕ್ಲಿಯಲ್ಲಿ ರಚಿಸಿದ ಟಿಸಿಎಲ್ ಭಾಷೆ ಬಹಳ ಹಿಂದಿನಿಂದ ಇದೆ. ಎಂಬೆಡೆಡ್ ಇವೆಂಟ್ ಮ್ಯಾನೇಜರ್ ಎಂಬ ವ್ಯವಸ್ಥೆ ದಾಖಲೆಯಲ್ಲಿ ನಿರ್ದಿಷ್ಟ ಸಾಲು ಕಂಡಾಗ ಅಥವಾ ಸಂಪರ್ಕವೊಂದು ಬಿದ್ದಾಗ ಆದೇಶಗಳನ್ನು ಓಡಿಸುತ್ತದೆ. ಎಂಟು ಹತ್ತು ಆದೇಶಗಳ ಕೆಲಸಕ್ಕೆ ಸಂರಚನೆಯಲ್ಲಿಯೇ ಬರೆಯುವ ಅದರ ಆಪ್ಲೆಟ್‌ಗಳೇ ಸಾಕು; ಷರತ್ತುಗಳು ಹೆಚ್ಚಿದಾಗ ಟಿಸಿಎಲ್ ಸ್ಕ್ರಿಪ್ಟ್ ಬರೆಯಬೇಕು. ಐಒಎಸ್ ಎಕ್ಸ್‌ಇ ಇರುವ ಹೊಸ ಸಾಧನಗಳಲ್ಲಿ 16.5 ಆವೃತ್ತಿಯಿಂದೀಚೆಗೆ ಗೆಸ್ಟ್ ಶೆಲ್ ಎಂಬ ಲಿನಕ್ಸ್ ಕಂಟೈನರ್ ಸಿಗುತ್ತದೆ, ಅದರೊಳಗೆ ಪೈಥಾನ್ ಓಡುತ್ತದೆ. ಎಲ್ಲ ಮಾದರಿಗಳಲ್ಲಿಯೂ ಅದು ಇರುವುದಿಲ್ಲವಾದ್ದರಿಂದ, ಒಂದೇ ಸ್ಕ್ರಿಪ್ಟ್ ಹಳೆಯ ಮತ್ತು ಹೊಸ ಸಾಧನಗಳೆರಡರಲ್ಲಿಯೂ ಓಡಬೇಕಾದವರು ಟಿಸಿಎಲ್ ಅನ್ನು ಹಳೆಯದೆಂದು ತಳ್ಳಿಹಾಕಬಾರದು.

ಜುನಿಪರ್‌ನ ಜೂನೋಸ್ ಈ ವಿಷಯದಲ್ಲಿ ನನಗೆ ಬಹಳ ಮೆಚ್ಚುಗೆಯಾದ ವ್ಯವಸ್ಥೆ. ಅಲ್ಲಿ ಕಮಿಟ್ ಸ್ಕ್ರಿಪ್ಟ್ ಎಂಬ ಕಲ್ಪನೆ ಇದೆ: ಸಂರಚನೆಯ ಬದಲಾವಣೆ ಜಾರಿಗೆ ಬರುವ ಮೊದಲು ಸ್ಕ್ರಿಪ್ಟ್ ಅದನ್ನು ಪರಿಶೀಲಿಸಿ, ತಪ್ಪಿದ್ದರೆ ತಡೆಹಿಡಿಯಬಲ್ಲದು. ಆಪರೇಟರ್ ಕೈತಪ್ಪಿನಿಂದ ಇಡೀ ಜಾಲ ನಿಲ್ಲುವುದನ್ನು ಇಂಥ ಒಂದು ಸ್ಕ್ರಿಪ್ಟ್ ತಪ್ಪಿಸಬಹುದು. ಭಾಷೆಯಾಗಿ ಸ್ಲ್ಯಾಕ್ಸ್ ಇದೆ. ಅದು ಎಕ್ಸ್‌ಎಂಎಲ್ ದಾಖಲೆಗಳನ್ನು ರೂಪಾಂತರಿಸುವ ಎಕ್ಸ್‌ಎಸ್‌ಎಲ್‌ಟಿಯನ್ನು ಸಿ ಭಾಷೆಯಂತೆ ಕಾಣುವ ವ್ಯಾಕರಣದಲ್ಲಿ ಬರೆಯುವ ಬಗೆ. 16.1 ಆವೃತ್ತಿಯಿಂದ ಪೈಥಾನ್ ಕೂಡ ಬಂದಿದೆ. ಜೂನೋಸ್‌ನ ಸಂರಚನೆ ಒಳಗೆ ಎಕ್ಸ್‌ಎಂಎಲ್ ಮರದಂತೆಯೇ ಇರುವುದರಿಂದ ಕಮಿಟ್ ಸ್ಕ್ರಿಪ್ಟ್‌ಗೆ ಸ್ಲ್ಯಾಕ್ಸ್ ಚೆನ್ನಾಗಿ ಒಗ್ಗುತ್ತದೆ, ತಂಡದಲ್ಲಿ ಬೇರೆಯವರೂ ತಿದ್ದಬೇಕಾದದ್ದಕ್ಕೆ ಪೈಥಾನ್ ಮೇಲು. ಪೈಥಾನ್ ಆರಿಸಿದರೆ ಆ ಭಾಷೆಗೆ ಅನುಮತಿ ಕೊಡುವ ಸಾಲನ್ನು ಸಂರಚನೆಯಲ್ಲಿ ಸೇರಿಸಬೇಕು. ಇದನ್ನು ಮರೆತರೆ ಸ್ಕ್ರಿಪ್ಟ್ ಓಡುವುದಿಲ್ಲ.

ಲಾಟ್ವಿಯಾದ ಮೈಕ್ರೋಟಿಕ್ ಸಾಧನಗಳನ್ನು ನಮ್ಮಲ್ಲಿ ಸಣ್ಣ ಇಂಟರ್ನೆಟ್ ಸೇವಾದಾರರು ಬಳಸುವುದನ್ನು ಕಾಣುತ್ತೇವೆ. ಅವುಗಳ ರೌಟರ್‌ಒಎಸ್‌ಗೆ ಅದರದೇ ಭಾಷೆಯಿದೆ, ಅದು ಬೇರೆಲ್ಲಿಯೂ ಓಡದು. ವಿಳಾಸವೊಂದು ಉತ್ತರ ಕೊಡುವುದು ನಿಂತಾಗ ಸ್ಕ್ರಿಪ್ಟ್ ಓಡಿಸುವ ನೆಟ್‌ವಾಚ್ ಅದರಲ್ಲಿ ಇರುವುದರಿಂದ ನಮ್ಮ ಉದಾಹರಣೆಯ ಕೆಲಸ ಹತ್ತಿಪ್ಪತ್ತು ಸಾಲುಗಳಲ್ಲಿ ಮುಗಿಯುತ್ತದೆ. ಪಠ್ಯವನ್ನು ಹೆಕ್ಕುವ, ದೊಡ್ಡ ಕಡತಗಳನ್ನು ಓದುವ ಕೆಲಸಕ್ಕೆ ಈ ಭಾಷೆ ಹೇಳಿಸಿದ್ದಲ್ಲ. ಅಂಥದ್ದನ್ನು ಹೊರಗಿನ ಯಂತ್ರಕ್ಕೆ ಬಿಡಿ.

ಬರೆದ ಮೇಲೆ

ಯಾವ ಭಾಷೆಯನ್ನು ಆರಿಸಿದರೂ ರೌಟರ್‌ನ ಕೆಲವು ಗುಣಗಳು ಬದಲಾಗುವುದಿಲ್ಲ. ಮನೆಬಳಕೆಯ ಬಹುಪಾಲು ರೌಟರ್‌ಗಳಲ್ಲಿ ಬ್ಯಾಟರಿ ಇರುವ ಗಡಿಯಾರವಿಲ್ಲ. ಕರೆಂಟು ಹೋಗಿ ಬಂದಾಗ ಓಪನ್‌ಡಬ್ಲ್ಯೂಆರ್‌ಟಿ ತನ್ನ 'ಇಟಿಸಿ' ಕೋಶದ ಅತ್ಯಂತ ಹೊಸ ಕಡತದ ದಿನಾಂಕವನ್ನೇ ಸದ್ಯದ ಸಮಯವೆಂದು ಹಿಡಿದು, ಇಂಟರ್ನೆಟ್ ಸಿಕ್ಕ ಮೇಲೆ ಸರಿಪಡಿಸಿಕೊಳ್ಳುತ್ತದೆ. ಆದ್ದರಿಂದ ಸಂಪರ್ಕ ಕಡಿದ ಅವಧಿಯನ್ನು ಗಡಿಯಾರದ ಎರಡು ಸಮಯಗಳ ವ್ಯತ್ಯಾಸದಿಂದ ಲೆಕ್ಕ ಹಾಕದೆ, ಸಾಧನ ಆನ್ ಆಗಿ ಎಷ್ಟು ಸೆಕೆಂಡಾಯಿತು ಎಂಬ ಎಣಿಕೆಯಿಂದ ಹಾಕಬೇಕು.

ಫ್ಲ್ಯಾಶ್‌ಗೆ ಪದೇ ಪದೇ ಬರೆದರೆ ಅದು ಸವೆಯುತ್ತದೆ. ನಿಮಿಷಕ್ಕೊಮ್ಮೆ ಬದಲಾಗುವ ಸ್ಥಿತಿಯನ್ನು ಟಿಎಂಪಿಯಲ್ಲಿಡಿ. ಲೂಪ್‌ನ ಒಳಗೆ 'ಯುಸಿಐ ಕಮಿಟ್' ಬರೆಯಬೇಡಿ. ಸ್ಕ್ರಿಪ್ಟ್ ಇರುವ ಜಾಗವನ್ನು 'ಸಿಸ್‌ಅಪ್‌ಗ್ರೇಡ್' ಸಂರಚನಾ ಕಡತದಲ್ಲಿ ನಮೂದಿಸಿ, ಇಲ್ಲವಾದರೆ ಮುಂದಿನ ಏರಿಕೆಯಲ್ಲಿ ಅದು ಕಳೆದುಹೋಗುತ್ತದೆ. ಶೆಲ್ ಸ್ಕ್ರಿಪ್ಟ್ ಆದರೆ ರೌಟರ್‌ಗೆ ಸೇರಿಸುವ ಮೊದಲು ಲ್ಯಾಪ್‌ಟಾಪ್‌ನಲ್ಲಿ ತಪ್ಪು ಹುಡುಕುವ ಶೆಲ್‌ಚೆಕ್‌ಗೆ ಒಪ್ಪಿಸಿ. ಓಪನ್‌ಡಬ್ಲ್ಯೂಆರ್‌ಟಿಯ ಎಕ್ಸ್86 ಇಮೇಜನ್ನು ಕ್ಯೂಎಮು ವರ್ಚುವಲ್ ಯಂತ್ರದಲ್ಲಿ ಓಡಿಸಿ ಅದಕ್ಕೆ ಬರೆದ ಎಲ್ಲ ಭಾಷೆಯ ಸ್ಕ್ರಿಪ್ಟ್‌ಗಳನ್ನೂ ಪರೀಕ್ಷಿಸಬಹುದು.

ಕೊನೆಯ ಪರೀಕ್ಷೆ ಮಾತ್ರ ನಿಜವಾದ ಸಾಧನದಲ್ಲಿಯೇ ನಡೆಯಬೇಕು. ಕಚೇರಿಯವರಿಗೆ ಮುಂಚಿತವಾಗಿ ತಿಳಿಸಿ, ಕೆಲಸ ಕಡಿಮೆಯಿರುವ ಹೊತ್ತಿನಲ್ಲಿ ಮೊದಲು ಫೈಬರ್ ತಂತಿಯನ್ನು ಕೈಯಾರೆ ಕಿತ್ತು ನೋಡಿ. ಆಮೇಲೆ ತಂತಿಯನ್ನು ಮತ್ತೆ ಸಿಕ್ಕಿಸಿ ಹಾಗೆಯೇ ಬಿಟ್ಟು, ಪಿಂಗ್ ವಿಳಾಸಗಳನ್ನು ಫೈರ್‌ವಾಲ್‌ನಲ್ಲಿ ತಡೆದು ನೋಡಿ. ಮೂರನೆಯದಾಗಿ, ಸಂಪರ್ಕ ಡಾಂಗಲ್ ಮೇಲಿರುವಾಗಲೇ ರೌಟರ್ ಅನ್ನು ಆಫ್ ಮಾಡಿ ಮತ್ತೆ ಆನ್ ಮಾಡಿ ನೋಡಿ. ಪ್ರತಿ ಫರ್ಮ್‌ವೇರ್ ಏರಿಕೆಯ ಮರುದಿನವೂ ಈ ಮೂರನ್ನೂ ಮತ್ತೆ ಮಾಡಿ.